ಅಕ್ಕನ ಒಂದು ರಿಂಗು

ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಜಗುಲಿಯ ಮೂಲೆಯ ಕಿಟಕಿಯಲ್ಲಿ, ಅದೂ ಫೋನನ್ನು ಸರಳಿಗೆ ಒರಗಿಸಿ ಇಟ್ಟರೆ ಮಾತ್ರ. ಒಂದು ಗೇಣು ಈಚೆ ಸರಿದರೆ ಆ ಕಡೆಯವರ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಇನ್ನೊಂದು ಗೇಣು ಸರಿದರೆ ಅದೂ ಇಲ್ಲ. ಟವರು ಇಲ್ಲವೇ ಎಂದರೆ ಇದೆ. ತೆಂಗಿನ ತೋಟದ ಆಚೆ ತಲೆಯ ಮೇಲೆ ಕೆಂಪು ದೀಪ ಹೊತ್ತು ನಿಂತಿದೆ. ಅದರ ಮುಖ ಗೋದಾಮುಗಳ ಕಡೆ, ಬೆನ್ನು ನಮ್ಮ ಕಡೆ ಎಂದು ಊರಿನವರು ಹೇಳಿಕೊಳ್ಳುತ್ತೇವೆ. ಅರ್ಜಿ ಕೊಟ್ಟೆವು, ಕಂಪನಿಗೆ ಫೋನ್ ಮಾಡಿದೆವು, ಯಾರೋ ಜೀಪಿನಲ್ಲಿ ಬಂದು ಒಂದು ಯಂತ್ರ ಹಿಡಿದು ಊರೆಲ್ಲ ಸುತ್ತಿ ಹೋದರು. ನಮ್ಮ ಕಿಟಕಿ ನಮಗೆ ಉಳಿಯಿತು.

ಇದರಿಂದ ಊರಿಗೆ ಒಂದು ಅನುಕೂಲವೂ ಆಯಿತು. ಯಾರಿಗೆ ಏನು ತಪ್ಪಿಸಿಕೊಳ್ಳಬೇಕಾದರೂ 'ನೆಟ್‌ವರ್ಕ್ ಇಲ್ಲ' ಎಂದರೆ ಮುಗಿಯಿತು. ಸಾಲ ಕೊಟ್ಟವನ ಕರೆ ಎತ್ತದಿದ್ದವನೂ ಅದನ್ನೇ ಹೇಳುತ್ತಾನೆ, ಮದುವೆಗೆ ಹೋಗದಿದ್ದವನೂ ಅದನ್ನೇ ಹೇಳುತ್ತಾನೆ. ಕೇಳಿದವರು ನಂಬಲೇಬೇಕು, ಏಕೆಂದರೆ ಅರ್ಧ ಸಲ ಅದು ನಿಜ. ಆ ಮಾತನ್ನು ನಾನು ಕಟ್ಟಿಕೊಂಡ ಹೆಂಡತಿಗೆ ತಿಂಗಳುಗಟ್ಟಲೆ ಹೇಳಿದೆ. ಅದನ್ನು ಬರೆದು ಹೊರಗೆ ಹಾಕದೆ ನನಗೆ ಬೇರೆ ದಾರಿ ಕಾಣುತ್ತಿಲ್ಲ.

ನನ್ನ ಹೆಂಡತಿಗೆ ಒಬ್ಬಳೇ ಅಕ್ಕ. ದೇವನಹಳ್ಳಿ ಕಡೆ, ನಲ್ಲೂರಿನ ಹುಣಸೆ ತೋಪಿಗೆ ಹತ್ತಿರದ ಹಳ್ಳಿಯೊಂದರಲ್ಲಿದ್ದಾಳೆ. ತ್ಯಾಮಗೊಂಡ್ಲು ಹೋಬಳಿಯ ನಮ್ಮೂರಿನಿಂದ ಅಲ್ಲಿಗೆ ಹೋಗಬೇಕೆಂದರೆ ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಅರ್ಧ ಹಗಲು ಕಳೆಯುತ್ತದೆ. ಇಬ್ಬರಿಗೂ ಓದು ಬರಹ ಬಾರದು. ಮೊಬೈಲು ಹೊಸದಾಗಿ ಬಂದ ಕಾಲದಲ್ಲಿ, ಮಾತಾಡಿದ ನಿಮಿಷಕ್ಕೆಲ್ಲ ದುಡ್ಡು ಕಡಿತವಾಗುತ್ತಿದ್ದಾಗ, ಇಬ್ಬರೂ ಒಂದು ಪದ್ಧತಿ ಮಾಡಿಕೊಂಡರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಅಕ್ಕ ಒಂದು ರಿಂಗು ಕೊಟ್ಟು ಕಟ್ ಮಾಡಬೇಕು. ತಂಗಿ ಎತ್ತಬಾರದು. ತಂಗಿ ತಿರುಗಿ ಒಂದು ರಿಂಗು ಕೊಡಬೇಕು. ಅಕ್ಕ ಎತ್ತಬಾರದು. ಎದ್ದೆಯಾ, ಎದ್ದೆ, ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ ಎಂಬುದೆಲ್ಲ ಅದರೊಳಗೆ ಬಂತು. ಇನ್ನೊಂದು ಕಟ್ಟಳೆಯೂ ಇತ್ತು. ಮೊದಲ ರಿಂಗು ಯಾವಾಗಲೂ ದೊಡ್ಡವಳದೇ. ಚಿಕ್ಕವಳು ತಾನಾಗಿ ಮೊದಲು ರಿಂಗು ಕೊಟ್ಟರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಅರ್ಥ. ಆಗ ಅಕ್ಕ ಇದ್ದ ಸೀರೆಯಲ್ಲೇ ಬಸ್ಸು ಹತ್ತುತ್ತಿದ್ದಳು. ಅವರ ತಾಯಿ, ನನ್ನ ಅತ್ತೆ, ನಮ್ಮ ಮನೆಯಲ್ಲಿ ತೀರಿಕೊಂಡಾಗ ಹಾಗೆಯೇ ಬಂದಳು.

ಕಾಲ ಬದಲಾಯಿತು. ಮಾತು ಎಷ್ಟು ಆಡಿದರೂ ಅಷ್ಟೇ ಎಂಬ ಪ್ಯಾಕು ಬಂತು. ಅವರಿಬ್ಬರು ಮಾತ್ರ ರಿಂಗು ಬಿಡಲಿಲ್ಲ. ನಾನು ನಗಾಡುತ್ತಿದ್ದೆ.

"ಈಗ ಫ್ರೀ ಕಣೆ, ಎತ್ಕೊಂಡು ಬಾಯ್ತುಂಬ ಮಾತಾಡ್ಬಾರ್ದಾ?"

"ದಿನಾ ಏನಂತ ಮಾತಾಡಾನ? ಸಾರು ಏನು ಅಂತ ಕೇಳಕ್ಕಾ? ಇದೇ ಸಾಕು ಬಿಡ್ರಿ."

ಅವಳ ಬಟನ್ ಫೋನಿನ ಬ್ಯಾಟರಿ ಉಬ್ಬಿ ಮುಚ್ಚಳ ಮುಚ್ಚದಂತಾಯಿತು. ಅದೇ ಸಮಯಕ್ಕೆ ಮಗ ಹೊಸ ಫೋನು ಕೊಂಡು ತನ್ನ ಹಳೆಯ ಸ್ಮಾರ್ಟ್‌ಫೋನನ್ನು ನನಗೆ ಕೊಟ್ಟ. ಅದರಲ್ಲಿ ಎರಡು ಸಿಮ್ಮಿಗೆ ಜಾಗವಿತ್ತು. ಒಂದರಲ್ಲಿ ನನ್ನದು, ಇನ್ನೊಂದರಲ್ಲಿ ಅವಳದು ಹಾಕಿದೆ. 'ನಿನ್ನ ನಂಬರು ನನ್ನ ಹತ್ರ ಭದ್ರವಾಗಿರ್ತದೆ' ಎಂದೆ. ಹೈಸ್ಕೂಲು ಓದಿದವನು ನಾನು. ಪರದೆಯ ಮೇಲೆ ಏನಿದೆಯೆಂದು ಅವಳಿಗೆ ಓದಿ ಹೇಳುವವನೂ ನಾನೇ. ಅವಳು ನಂಬಿದಳು.

ಮೊದಮೊದಲು ನಾನು ಆ ಫೋನಿನಲ್ಲಿ ಅಡಿಕೆ ಧಾರಣೆ ಮಾತ್ರ ನೋಡುತ್ತಿದ್ದೆ. ಆಮೇಲೆ ನೀರಿನ ಸೆಲೆ ನೋಡಿ ಬೋರ್‌ವೆಲ್ ಪಾಯಿಂಟು ಹಾಕುವವರ ವೀಡಿಯೊ, ಆಮೇಲೆ ಕುಸ್ತಿ, ಆಮೇಲೆ ಯಾವ ನಾಯಕ ಯಾರಿಗೆ ಏನಂದ ಎಂಬ ಜಗಳ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನೇ ಶುರುವಾಗುತ್ತದೆ. ಒಂದು ಕಾಲದಲ್ಲಿ ತಿಂಗಳಿಡೀ ಬರುತ್ತಿದ್ದ ಡೇಟಾ ಈಗ ಒಂದು ಬೆಳಿಗ್ಗೆಗೆ ಸಾಲದು. ಅಡುಗೆಮನೆಯಲ್ಲಿ ಎಣ್ಣೆ ಮುಗಿಯಿತು ಎನ್ನುವಂತೆ ಎಲ್ಲರ ಮನೆಯಲ್ಲೂ ಡೇಟಾ ಮುಗಿಯಿತು ಎನ್ನುತ್ತಾರೆ. ಡೈರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲರ ಕತ್ತು ಬಗ್ಗಿರುತ್ತದೆ. ಒಬ್ಬರ ಫೋನಿನ ಹಾಡಿನ ಮೇಲೆ ಇನ್ನೊಬ್ಬರ ಫೋನಿನ ಭಾಷಣ. ಬೇರೆಯವರನ್ನು ಬಯ್ಯಲು ನನಗೆ ಬಾಯಿಲ್ಲ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವನು ನಾನೇ.

ನಾನು ಹಾಗೆ ಕೂತಿದ್ದಾಗಲೇ ಅಕ್ಕನ ರಿಂಗು ಬರುತ್ತಿತ್ತು. ವೀಡಿಯೊ ನಿಂತುಹೋಗುತ್ತಿತ್ತು. ಮತ್ತೆ ಶುರುವಾಗಲು ಆ ಚಕ್ರ ಸುತ್ತಿ ಸುತ್ತಿ ಜೀವ ತಿನ್ನುತ್ತಿತ್ತು. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಓಡಿ ಬರುವಳು.

"ಕೊಡ್ರಿ, ನಾನು ಒತ್ತೀನಿ."

"ಮಾಡಾಯ್ತು ಹೋಗೆ."

ಕೆಲವು ದಿನ ಮಾಡಿರುತ್ತಿದ್ದೆ. ಕೆಲವು ದಿನ ಮಾಡಿರುತ್ತಿರಲಿಲ್ಲ.

ನನ್ನ ಕಂಪನಿಯ ಸಿಗ್ನಲ್ ಕಿಟಕಿಯಲ್ಲೂ ಸೊರಗಿತು. ಬೇರೆ ಕಂಪನಿಯದು ಚೆನ್ನಾಗಿ ಓಡುತ್ತದೆ ಎಂದು ಡೈರಿ ಹತ್ತಿರ ಯಾರೋ ಹೇಳಿದರು. ಆ ಸಿಮ್ಮನ್ನೂ ತಂದೆ. ಫೋನಿನಲ್ಲಿ ಜಾಗವಿರುವುದು ಎರಡಕ್ಕೆ. ನನ್ನ ಸಿಮ್ಮು ತೆಗೆಯುವಂತಿರಲಿಲ್ಲ, ಬ್ಯಾಂಕು, ಪಹಣಿ, ಗ್ಯಾಸು ಎಲ್ಲದಕ್ಕೂ ಅದೇ ನಂಬರು. ಹೆಂಡತಿಯ ಸಿಮ್ಮನ್ನು ಪಿನ್ನು ಹಾಕಿ ಎಬ್ಬಿಸಿ ತೆಗೆದೆ. ಕಾಗದದಲ್ಲಿ ಸುತ್ತಿ ನನ್ನ ಕನ್ನಡಕದ ಡಬ್ಬಿಯಲ್ಲಿಟ್ಟೆ. ಅವಳು ಹಿತ್ತಲಲ್ಲಿದ್ದಳು. ಕೇಳಲಿಲ್ಲ, ಹೇಳಲಿಲ್ಲ. ಒಂದೆರಡು ದಿನ ನೋಡಿ ಮತ್ತೆ ಹಾಕಿದರಾಯಿತು ಎಂದುಕೊಂಡೆ. ಹೊಸ ಸಿಮ್ಮಿನಲ್ಲಿ ಚಕ್ರ ಸುತ್ತಲೇ ಇಲ್ಲ, ಕುಸ್ತಿ ನೀರಿನ ಹಾಗೆ ಹರಿಯಿತು. ಒಂದೆರಡು ದಿನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆಯೇ ಅವಳು ಕೇಳಿದಳು. "ಅಕ್ಕನ ರಿಂಗು ಬಂತಾ?"

"ನೆಟ್‌ವರ್ಕ್ ಇಲ್ಲ ಕಣೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ಅವಳು ಟವರಿನ ಕಡೆ ನೋಡಿ, ಆ ಕಂಪನಿಯವರಿಗೆ ಶಾಪ ಹಾಕಿ ಒಳಗೆ ಹೋದಳು. ಹೀಗೆ ದಿನಾ. ನಾನು ಒಂದು ಸುಳ್ಳು ಹೇಳಿದರೆ ಕಂಪನಿಯವರಿಗೆ ಒಂದು ಶಾಪ. ತಾನೇ ಮೊದಲು ರಿಂಗು ಕೊಡೋಣವೆಂದರೆ ಅವರ ಕಟ್ಟಳೆ ಅಡ್ಡ, ಅಕ್ಕ ಗಾಬರಿಯಾಗಿ ಬಸ್ಸು ಹತ್ತಿಬಿಡುತ್ತಾಳೆ. ಮಗ ತನ್ನ ಫೋನಿನಿಂದ ಮಾಡಿಕೊಡುತ್ತೇನೆ ಎಂದಾಗಲೂ ಬೇಡವೆಂದಳು. ಅವಳು ಹೂಂ ಎಂದಿದ್ದರೂ ಆಗುತ್ತಿರಲಿಲ್ಲ, ಬಂದ ಕರೆಗೆ ತಿರುಗಿ ಒತ್ತುತ್ತಿದ್ದೆವೇ ಹೊರತು ಅಕ್ಕನ ನಂಬರನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

ಮೊಮ್ಮಗನ ನಾಮಕರಣ ಬಂತು. "ನೀವೇ ಹೋಗಿ ಅಕ್ಕನ್ನ ಕರ್ದು ಬನ್ನಿ" ಎಂದು ಹೆಂಡತಿ ಹೇಳಿದಳು. ನನಗೆ ಆ ಬಸ್ಸುಗಳ ಸಹವಾಸ ಬೇಡವಾಗಿತ್ತು. ಆ ಕಡೆ ಹೊರಟಿದ್ದ ಸಂಬಂಧಿಯೊಬ್ಬರ ಬಾಯಲ್ಲಿ ಹೇಳಿ ಕಳಿಸಿದೆ. ಅಕ್ಕ ಬರಲಿಲ್ಲ. ಊಟದ ಎಲೆ ಎತ್ತುವವರೆಗೂ ಹೆಂಡತಿ ಬಾಗಿಲು ನೋಡುತ್ತಿದ್ದಳು. ಅಕ್ಕನಿಗೆಂದು ತೆಗೆದಿಟ್ಟ ಸೀರೆ, ರವಿಕೆ ಕಣ, ಎಲೆ ಅಡಿಕೆ ಟ್ರಂಕಿನ ಮೇಲೆ ಹಾಗೇ ಇತ್ತು. ಎಲೆ ಬಾಡಿತು, ಅವಳು ತೆಗೆಯಲಿಲ್ಲ.

"ಅಕ್ಕ ನನ್ನ ಬಿಟ್ಬುಟ್ಲು ಕಣ್ರೀ" ಎಂದಳು ಒಂದು ಮಧ್ಯಾಹ್ನ.

"ಬಿಡೋದೇನು ಬಂತು. ಈ ನಡುವೆ ನೆಟ್‌ವರ್ಕೇ ಸರಿಯಿಲ್ಲ."

ನನ್ನ ಕೈಯಲ್ಲಿದ್ದ ಫೋನಿನೊಳಗೆ ಒಬ್ಬಾತ ಅಡಿಕೆ ಬೆಲೆ ಬಿದ್ದದ್ದರ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದ. ಅವಳು ಅವನ ಕಡೆ ಬೆರಳು ತೋರಿಸಿದಳು.

"ಮತ್ತೆ ಈವಯ್ಯ ಹೆಂಗೆ ಮಾತಾಡ್ತವ್ನೆ?"

"ಅದು ಬೇರೆ ನೆಟ್‌ವರ್ಕು."

ಅದು ನಿಜವೇ ಆಗಿತ್ತು. ನಾನು ಹೇಳಿದ್ದರಲ್ಲಿ ಅದೊಂದೇ ನಿಜ. ಅವತ್ತಿನಿಂದ ಅವಳು ರಿಂಗಿನ ಮಾತೆತ್ತಲಿಲ್ಲ. ಡೈರಿಯಿಂದ ಬಂದು ಕಿಟಕಿಯ ಕಡೆ ನೋಡದೆ ಒಳಗೆ ಹೋಗುವುದನ್ನು ಕಲಿತಳು. ಅವಳು ಕೇಳುತ್ತಿದ್ದಾಗ ನನಗೆ ಸುಳ್ಳು ಹೇಳುವುದು ಸುಲಭವಿತ್ತು. ಕೇಳುವುದನ್ನು ಬಿಟ್ಟ ಮೇಲೆ ವೀಡಿಯೊ ರುಚಿಸದಾಯಿತು.

ಕನ್ನಡಕದ ಡಬ್ಬಿ ತೆಗೆದು ಅವಳ ಸಿಮ್ಮನ್ನು ಮತ್ತೆ ಹಾಕಿದೆ. ಸಿಗ್ನಲ್ ಕಡ್ಡಿಗಳು ಬರಬೇಕಾದ ಜಾಗದಲ್ಲಿ ಅಡ್ಡಗೀಟು ಬಂತು. ರೀಚಾರ್ಜ್ ಮಾಡಲು ಹೋದರೆ ಸಿಮ್ಮು ಬದುಕಿಲ್ಲ ಎಂದರು. ಕಂಪನಿಯ ಸಹಾಯವಾಣಿಗೆ ಹಚ್ಚಿದೆ. ಕನ್ನಡಕ್ಕೆ ಒಂದನ್ನು ಒತ್ತಿ ಎಂದಿತು, ಒತ್ತಿದೆ. ಇನ್ನೊಂದಕ್ಕೆ ಇನ್ನೊಂದು ಒತ್ತಿ ಎಂದಿತು, ಒತ್ತಿದೆ. ಹೊಸ ಪ್ಯಾಕಿನ ಗುಣಗಾನ ಮಾಡಿ ಹಾಡು ಹಾಕಿತು. ಹಾಡು ನಿಂತು ಒಬ್ಬಳು ನಿಜವಾದ ಹೆಂಗಸು 'ನಮಸ್ಕಾರ' ಎನ್ನುವ ಹೊತ್ತಿಗೆ ನನ್ನ ಕೈ ಸರಳಿನಿಂದ ಸರಿದಿತ್ತು. ಕಟ್ಟಾಯಿತು. ಮತ್ತೆ ಮೊದಲಿಂದ ಒಂದನ್ನು ಒತ್ತಿ. ಕೊನೆಗೆ ಸಿಟ್ಟಿಗೆದ್ದು ನೆಲಮಂಗಲದ ಬಸ್ಸು ಹತ್ತಿದೆ.

ಅಲ್ಲಿ ಆ ಕಂಪನಿಯ ಅಂಗಡಿಯಲ್ಲಿ ಒಬ್ಬಳು ಹುಡುಗಿ ಕಂಪ್ಯೂಟರು ನೋಡಿ ತಲೆಯಾಡಿಸಿದಳು.

"ತಾತ, ಈ ನಂಬರ್ ನಿಮ್ದಲ್ಲ."

"ನಮ್ಮನೇರದು ಕಣಮ್ಮ. ಸಿಮ್ಮು ಇಲ್ಲೇ ಇದೆ ನೋಡು."

"ರೀಚಾರ್ಜ್ ಇಲ್ದೆ ತುಂಬ ದಿನ ಬಿಟ್ಬಿಟ್ಟಿದ್ದೀರ. ಬೇರೆಯವ್ರಿಗೆ ಹೋಗಿದೆ."

"ಹೆಂಗಮ್ಮ ಹೋಗ್ತದೆ? ನಮ್ಮ ಹೊಲ ಬಿತ್ತದೆ ಪಾಳು ಬಿಟ್ಟಿದೀನಿ. ಹಂಗಂತ ಸರ್ವೆ ನಂಬರು ಇನ್ನೊಬ್ರ ಹೆಸ್ರಿಗೆ ಹೋಯ್ತದಾ?"

ನನ್ನ ಹಿಂದೆ ನಿಂತಿದ್ದವನು ನಕ್ಕ. "ಪಹಣಿ ತಂದಿದ್ರೆ ತೋರ್ಸಿ ಯಜಮಾನ್ರೆ."

ಹುಡುಗಿ ನಗಲಿಲ್ಲ. "ಇದು ಹೊಲ ಅಲ್ಲ ತಾತ. ಬಾಡಿಗೆ ಮನೆ ಇದ್ದಂಗೆ. ನೀವು ಬಿಟ್ರೆ ಇನ್ನೊಬ್ರು ಬರ್ತಾರೆ. ಬೇರೆ ನಂಬರ್ ಕೊಡ್ಲಾ?"

ಬೇರೆ ನಂಬರು ಕಟ್ಟಿಕೊಂಡು ನಾನೇನು ಮಾಡಲಿ? ಅಕ್ಕನ ಬೆರಳಿಗೆ ಗೊತ್ತಿದ್ದದ್ದು ಇದೊಂದೇ. ನಂಬರು ಎಂದರೆ ಒಮ್ಮೆ ಬರೆಸಿದ ಮೇಲೆ ನಮ್ಮದೇ, ಡಬ್ಬಿಯಲ್ಲಿಟ್ಟರೂ ಎಲ್ಲಿಗೂ ಹೋಗದು ಎಂದು ನಾನು ನಿಜಕ್ಕೂ ನಂಬಿದ್ದೆ. ಭೂಮಿ ಇಟ್ಟುಕೊಂಡವನ ಬುದ್ಧಿ ಅದು.

ಬಸ್ ನಿಲ್ದಾಣಕ್ಕೆ ಬಂದು ಕಲ್ಲಿನ ಮೇಲೆ ಕೂತೆ. ಅಲ್ಲಿ ಕಡ್ಡಿಗಳು ತುಂಬಿ ತುಳುಕುತ್ತಿದ್ದವು. ಹೆಂಡತಿಯ ನಂಬರಿಗೆ ನಾನೇ ಕರೆ ಮಾಡಿದೆ.

"ಯಾರ್ ಗುರು?" ಎಂದ ಒಬ್ಬ ಗಂಡಸು, ನಿದ್ದೆಗಣ್ಣಿನ ದನಿಯಲ್ಲಿ.

ಇದು ಮೊದಲು ನಮ್ಮ ನಂಬರಾಗಿತ್ತು ಎಂದು ಹೇಳಿದೆ. ಅವನಿಗೆ ಎಚ್ಚರವಾಯಿತು.

"ಓ, ನಿಮ್ದಾ ಯಜಮಾನ್ರೆ ಈ ಸಂಪತ್ತು? ಬ್ಯಾಂಕಿನೋರು, ಗೊಬ್ಬರದೋರು, ಯಾರ್ಯಾರೋ ಮಾಡ್ತಿದ್ರು. ಅವ್ರೆಲ್ಲ ಬಿಡಿ, ಒಂದಮ್ಮ ದಿನಾ ಬೆಳಿಗ್ಗೆ ಒಂದ್ ರಿಂಗ್ ಕೊಟ್ಟು ಕಟ್ ಮಾಡ್ತಿತ್ತು. ನಂದು ಗೋಡೌನಲ್ಲಿ ನೈಟ್ ಡ್ಯೂಟಿ. ಬಂದು ಮಲ್ಗಿ ಕಣ್ಣು ಹತ್ತೋ ಹೊತ್ತಿಗೆ ಸರಿಯಾಗಿ."

"ದಿನಾನಾ?"

"ದಿನಾ. ನಾನು ತಿರುಗಿ ಮಾಡಿದ್ರೆ ಎತ್ತಲ್ಲ. ಎಂಥಾ ತಲೆನೋವು ಹೇಳಿ. ಒಂದಿನ ಅದು ಕಟ್ ಮಾಡೋಕ್ಮುಂಚೆ ಎತ್ಬಿಟ್ಟು ಬೈದೆ."

"ಏನಂತ ಬೈದ್ಯಪ್ಪ?"

"ನಿನಗೆ ಮಾಡಕ್ಕೆ ಕೆಲ್ಸ ಇಲ್ವಾ, ಇನ್ನೊಂದ್ಸಲ ಇಲ್ಲಿಗೆ ಫೋನ್ ಮಾಡಿದ್ರೆ ನೆಟ್ಟಗಿರಲ್ಲ ಅಂದೆ. ಆಮೇಲೆ ಬ್ಲಾಕ್ ಮಾಡ್ದೆ. ಯಾಕೆ, ಯಾರದು?"

"ನಮ್ಮನೇರ ಅಕ್ಕ."

"ಅಯ್ಯೋ, ನಂಗೆ ಹೆಂಗ್ ಗೊತ್ತಾಗ್ಬೇಕು ಯಜಮಾನ್ರೆ. ವಯಸ್ಸಾದೋರಾ?" ಎಂದ. ಕೇಳುವ ಮೊದಲೇ ಬ್ಲಾಕು ಮಾಡಿದ ನಂಬರನ್ನು ಹುಡುಕಿ ನನ್ನ ಫೋನಿಗೆ ಕಳಿಸಿದ.

ಅಲ್ಲಿಂದಲೇ ಅಕ್ಕನಿಗೆ ಹಚ್ಚಿದೆ. ಎತ್ತಿದಳು. "ನಾನು ಕಣಕ್ಕ, ಮಾತಾಡ್ತಿರೋದು" ಎಂದೆನೋ ಇಲ್ಲವೋ, ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಕಟ್ಟಾಯಿತು. ಅಲ್ಲಿ ನೆಟ್‌ವರ್ಕು ಚೆನ್ನಾಗಿಯೇ ಇತ್ತು.

ಮನೆಗೆ ಬಂದಾಗ ಹೆಂಡತಿ ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ, ಸಿಮ್ಮು ತೆಗೆದದ್ದು, ಡಬ್ಬಿಯಲ್ಲಿಟ್ಟದ್ದು, ದಿನಾ ನೆಟ್‌ವರ್ಕಿನ ಮೇಲೆ ಹಾಕಿದ್ದು, ಆ ಹುಡುಗ ಬೈದದ್ದು. ಅವಳು ಬಯ್ಯುತ್ತಾಳೆಂದು ತಲೆ ತಗ್ಗಿಸಿಕೊಂಡಿದ್ದೆ.

"ಹಂಗಾರೆ ಅಕ್ಕ ದಿನಾ ಮಾಡ್ತಿದ್ಲಾ?" ಎಂದಳು. ಅವಳ ಮುಖ ಅರಳಿತ್ತು. ನನ್ನನ್ನು ಅವಳು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸಿಟ್ಟು ಆಮೇಲೆ ಬಂತು. ಮರುದಿನ ಟ್ರಂಕಿನ ಮೇಲಿದ್ದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ನಾನೂ ಹಿಂದೆಯೇ ಹೋದೆ. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಾಯಿಸುವಾಗ ನಾನು ಚೀಲಕ್ಕೆ ಕೈ ಚಾಚಿದೆ. "ನಿಮ್ಮ ಕೈಗೆ ಕೊಟ್ಟಿದ್ದು ಸಾಕು" ಎಂದಳು, ಅಷ್ಟೇ.

ಅಕ್ಕ ಮನೆಯ ಮುಂದೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ಕುಟ್ಟತೊಡಗಿದಳು.

"ಯಾರಮ್ಮ ನೀವು? ಯಾವೂರು?"

ಹೆಂಡತಿ ಪಕ್ಕದಲ್ಲಿ ಕೂತು ಒಂದು ಹಣ್ಣು ಎತ್ತಿಕೊಂಡು ಬೀಜ ಬಿಡಿಸಿದಳು. ನಾನು ನಿಂತೇ ಇದ್ದೆ. ವಿಮಾನವೊಂದು ತಲೆಯ ಮೇಲೆ ಇಳಿಯುತ್ತ ಹೋಯಿತು. ಅದರ ಸದ್ದು ಅಡಗಿತು.

"ನಿನ್ನ ಫೋನ್ನಾಗೆ ಒಂದು ಹುಡ್ಗಿ ಕೂತಿದ್ಲು" ಎಂದಳು ಅಕ್ಕ ಕೊನೆಗೆ. "ದಿನಾ ಅವ್ಳು ಚಂದಾದಾರ್ರು ಹೊರಗವ್ರೆ, ಹೊರಗವ್ರೆ ಅಂತಿದ್ಲು. ನನ್ನ ತಂಗಿ ದಿನಾ ಎಲ್ಲಿಗೆ ಹೋಗ್ತಾಳೆ ಅಂದ್ಕಂಡೆ. ಆಮೇಲೆ ರಿಂಗಾಯ್ತು. ಸರಿಹೋಯ್ತು ಅಂತ ದಿನಾ ಕೊಟ್ಟೆ. ಒಂದಿನ ನಿನ್ನ ಗಂಡ ಎತ್ತಿ, ಹೆಣ್ಣೆಂಗ್ಸು ಅಂತಾನೂ ನೋಡ್ದೆ, ಈ ಮನೆಗೆ ಮಾಡ್ಬೇಡ ಅಂದ್ರು. ಅಂದ್ಮೇಲೆ ನಾಮಕರ್ಣಕ್ಕೆ ಯಾವ ಮಖ ಇಟ್ಕಂಡು ಬರ್ಲಿ?"

ಅವಳಿಗೆ ಕಿವಿ ಸ್ವಲ್ಪ ಮಂದ. ತಂಗಿಯ ನಂಬರಿನಲ್ಲಿ ಬಂದ ಗಂಡು ದನಿ ಇನ್ನಾರದ್ದು ಎಂದುಕೊಂಡಾಳು?

"ಅವ್ರಲ್ಲಕ್ಕ ಬೈದಿದ್ದು. ಯಾರೋ ನೈಟ್ ಡ್ಯೂಟಿ ಹುಡ್ಗ."

"ಹಂಗಾರೆ ಇವ್ರೇನ್ ಮಾಡಿದ್ರು? ಯಾಕೆ ಕಂಬದಂಗೆ ನಿಂತವ್ರೆ?"

"ಅವ್ರನ್ನೇ ಕೇಳು."

ಇನ್ನೊಮ್ಮೆ ಎಲ್ಲ ಹೇಳಿದೆ. ಹೆಂಡತಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಕುಸ್ತಿ ನೋಡುವುದಕ್ಕೆ ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ಏನಂದ್ರು? ಕುಸ್ತಿಯಾ?"

"ಹೂಂ, ಕುಸ್ತಿ" ಎಂದಳು ಹೆಂಡತಿ ಅಕ್ಕನ ಕಿವಿಗೆ.

ಅಕ್ಕ ನನ್ನನ್ನು ನೋಡದೆ ತಂಗಿಗೇ ಹೇಳಿದಳು. "ಬೈದಿದ್ರೇ ವಾಸಿಯಿತ್ತು. ಒಂದ್ ರಿಂಗಿಗೆ ಎಷ್ಟು ಜಾಗ ಬೇಕಾಗಿತ್ತೇ ಇವ್ರ ಫೋನ್ನಾಗೆ?"

ತಪ್ಪಾಯಿತು ಎಂದೆ. ಅಕ್ಕ ಎದ್ದು ಒಳಗೆ ಹೋದಳು. ಊಟಕ್ಕೆ ಬಡಿಸಿದಳು. ಸೀರೆ ತೆಗೆದುಕೊಂಡಳು. ಅಕ್ಕತಂಗಿಯರು ಸಂಜೆಯ ಬಸ್ಸಿನವರೆಗೂ ಬೀಜ ಬಿಡಿಸುತ್ತಾ ಕೂತರು. ನಡುವೆ ನಡುವೆ 'ಕುಸ್ತಿಯಂತೆ' ಎಂದು ಅಕ್ಕ ಹೇಳುವುದೂ ಇಬ್ಬರೂ ನಗುವುದೂ ಕೇಳಿಸುತ್ತಿತ್ತು.

ಈಗ ಹೆಂಡತಿಗೆ ಬೇರೆ ಬಟನ್ ಫೋನಿದೆ, ಬೇರೆ ನಂಬರಿದೆ. ನನ್ನ ಎರಡನೆಯ ಸಿಮ್ಮನ್ನು ತೆಗೆದುಬಿಟ್ಟೆ. ಕಿಟಕಿಯ ಕುರ್ಚಿ ಅವಳದು. ಅಕ್ಕ ಹೊಸ ನಂಬರಿಗೆ ಬೆರಳು ಪಳಗಿಸಿಕೊಂಡಳು, ರಿಂಗು ಬರುತ್ತಿತ್ತು, ಹೋಗುತ್ತಿತ್ತು. ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಒಂದು ಬೆಳಿಗ್ಗೆ ರಿಂಗು ಬರಲಿಲ್ಲ. ಅವಳು ಫೋನನ್ನು ಸರಳಿಗೆ ಒರಗಿಸಿ ಕೂತೇ ಇದ್ದಳು. ನಾನು ಬಗ್ಗಿ ನೋಡಿದೆ. ಒಂದು ಕಡ್ಡಿಯೂ ಇಲ್ಲ. ಟವರು ನಿಂತಲ್ಲೇ ನಿಂತಿತ್ತು, ಕರೆಂಟು ಹೋಗಿತ್ತೋ ಕಂಪನಿಯವರು ಏನು ಮಾಡಿಕೊಂಡಿದ್ದರೋ.

"ನೆಟ್‌ವರ್ಕ್ ಇಲ್ಲ ಕಣೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಣೆ ಹಾಕಿ ಪ್ರಯೋಜನವಿರಲಿಲ್ಲ. ಆ ಮಾತನ್ನು ನಾನು ಸುಳ್ಳಿಗೆ ಸವೆಸಿ ಮುಗಿಸಿಬಿಟ್ಟಿದ್ದೆ. ನಿಜಕ್ಕೆ ಬೇಕಾದಾಗ ಅದರಲ್ಲಿ ಏನೂ ಉಳಿದಿರಲಿಲ್ಲ. ಆ ಕ್ಷಣ ಆ ಟವರಿನ ಮೇಲೆ ಬಂದಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಬಯ್ಯುವಂತಿರಲಿಲ್ಲ.

"ಬಾ, ರಸ್ತೆ ಮೋರಿ ಹತ್ರ ಬೇರೆ ಟವರಿಂದು ಬರ್ತದೇನೋ ನೋಡಾನ."

ತೋಟ ದಾಟಿ ಟಾರು ರಸ್ತೆಯ ಮೋರಿಯವರೆಗೆ ನಡೆದೆವು. ಅಲ್ಲಿ ನಿಂತ ಸ್ವಲ್ಪ ಹೊತ್ತಿಗೆ ಕಡ್ಡಿ ಮೂಡಿತು, ರಿಂಗು ಬಂತು, ನಿಂತಿತು. ಅವಳು ತಿರುಗಿ ಒತ್ತಿ ಕಿವಿಗಿಟ್ಟುಕೊಂಡು, ಆ ಕಡೆ ಒಂದು ಸಲ ಬಡಿದದ್ದನ್ನು ಕೇಳಿ ಕಟ್ ಮಾಡಿದಳು.

ಕಿಟಕಿ ಕೈಕೊಟ್ಟ ದಿನವೆಲ್ಲ ಈಗ ಹಾಗೇ ಹೋಗುತ್ತೇವೆ. ಅಂಥ ದಿನಗಳು ಕಡಿಮೆಯೇನಿಲ್ಲ. ದಾರಿ ಕೆಸರಿದ್ದರೆ ನನ್ನ ತೋಳು ಹಿಡಿದುಕೊಳ್ಳುತ್ತಾಳೆ. ಫೋನನ್ನು ಮಾತ್ರ ನನ್ನ ಕೈಗೆ ಕೊಡುವುದಿಲ್ಲ, ಸೆರಗಿನ ತುದಿಯಲ್ಲಿ ಸುತ್ತಿ ಇನ್ನೊಂದು ಕೈಯಲ್ಲಿ ಹಿಡಿದಿರುತ್ತಾಳೆ.